ಉತ್ತರ ವೇಲ್ಸ್: ಹಳ್ಳಿ ಕೋಟೆ, ಹಳೆ ಚರ್ಚುಗಳಿಗೆ ನಾಲ್ಕು ದಿನದ ಕಾರು ದಾರಿ – ಕ್ರಮ ಹೇಗಿರಬೇಕು?

ದಾರಿಬುತ್ತಿ

ಮೇ ಕೊನೆಯಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇಳಿದು ಬಾಡಿಗೆ ಕಾರು ತಗೊಂಡು ನಾಲ್ಕು ದಿನ ಉತ್ತರ ವೇಲ್ಸ್ ಸುತ್ತುವ ಯೋಜನೆ. ಒಟ್ಟು ನಾಲ್ಕು ಜನ, ಅದರಲ್ಲಿ ಇಬ್ಬರು ಎಪ್ಪತ್ತು ದಾಟಿದವರು. ಕಾನ್ವಿ, ಕಾರ್ನಾರ್ವನ್ ಕೋಟೆಗಳ ಬಗ್ಗೆ ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಬೇಕಾಗಿರೋದು ಹಳ್ಳಿಗಳ ಕಡೆಯ ಸಣ್ಣ ಕೋಟೆಗಳು ಮತ್ತು ಹಳೆಯ ಚರ್ಚು, ಚಾಪೆಲ್‌ಗಳು. ಯಾವ ಕ್ರಮದಲ್ಲಿ ಹೋಗಬೇಕು, ರಾತ್ರಿ ಎಲ್ಲಿ ತಂಗಬೇಕು, ನಮ್ಮ ಇಂಡಿಯಾ ಲೈಸೆನ್ಸ್ ನಡೆಯುತ್ತಾ, ಒಂದೇ ಗಾಡಿ ಹಿಡಿಯುವ ರಸ್ತೆಗಳಲ್ಲಿ ಹೇಗೆ ಓಡಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ಕಲ್ಲುಗಾರೆ

ದಾರಿಬುತ್ತಿ ಅವರೇ, ಈ ಸುತ್ತಾಟದಲ್ಲಿ ದೂರ ದೊಡ್ಡ ವಿಷಯವೇ ಅಲ್ಲ. ಇಡೀ ಸುತ್ತು ಮುನ್ನೂರು ಮೈಲಿ ಆಸುಪಾಸು. ಎಡವಟ್ಟಾಗೋದು ಬಾಗಿಲುಗಳಿಂದ. ನಕಾಶೆ ನೋಡಿ ಹತ್ತಿರ ಹತ್ತಿರದ ಜಾಗಗಳನ್ನು ಒಂದೇ ದಿನಕ್ಕೆ ಸೇರಿಸುತ್ತೀರಿ, ಅಲ್ಲಿ ಹೋದರೆ ಬೀಗ. ಆದ್ದರಿಂದ ಯಾವ ಬಾಗಿಲು ಯಾವ ದಿನ ತೆರೆಯುತ್ತದೆ ಅನ್ನೋದನ್ನು ಮೊದಲು ಬರೆದಿಟ್ಟುಕೊಳ್ಳಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ನಿಮ್ಮ ಸುತ್ತಿನಲ್ಲಿ ಬಿಗಿಯಾದ ಬಾಗಿಲುಗಳು ಮೂರು. ಕಾರ್ವೆನ್ ಹತ್ತಿರದ ರೀಗ್ ಚಾಪೆಲ್, ಅದರ ಜೋಡಿ ಲಾನ್‌ಗಾರ್ ಚರ್ಚ್, ಮತ್ತು ಲಾನ್‌ರೂಸ್ಟ್ ಹತ್ತಿರದ ಗ್ವಿಡಿರ್ ಇಖಾವ್ ಚಾಪೆಲ್. ಮೂರನ್ನೂ ನೋಡಿಕೊಳ್ಳೋದು ಕ್ಯಾಡೂ, ಅಂದರೆ ವೇಲ್ಸ್ ಸರ್ಕಾರದ ಪುರಾತತ್ವ ಸಂಸ್ಥೆ. ರೀಗ್ ತೆರೆಯೋದು ಬೇಸಿಗೆ ಅರ್ಧದಲ್ಲಿ ಮಾತ್ರ, ಅದೂ ವಾರದ ಕೆಲವೇ ದಿನ. ಲಾನ್‌ಗಾರ್‌ಗೆ ನೇರವಾಗಿ ಹೋದರೆ ಒಳಗೆ ಬಿಡೋದಿಲ್ಲ, ರೀಗ್‌ನ ಟಿಕೆಟ್ ಕೌಂಟರಿನಲ್ಲಿ ಕೇಳಿ, ಅವರು ಹೇಳಿದ ಹೊತ್ತಿಗೇ ಹೋಗಬೇಕು. ಗ್ವಿಡಿರ್ ಇಖಾವ್‌ಗೆ ಮೊದಲೇ ಮಾತಾಡಿ ಬೀಗದ ಏರ್ಪಾಡು ಮಾಡಿಕೊಳ್ಳಬೇಕು. ಈ ಮೂರು ಗೊತ್ತಾದ ಮೇಲೆ ಸುತ್ತನ್ನು ಎಡದಿಂದ ಮಾಡಬೇಕೋ ಬಲದಿಂದ ಮಾಡಬೇಕೋ ತಾನಾಗಿ ತೀರ್ಮಾನವಾಗುತ್ತದೆ. ರೀಗ್ ನಿಮ್ಮ ಕೊನೆಯ ದಿನ ತೆರೆದಿದ್ದರೆ ಪಶ್ಚಿಮದಿಂದ ಶುರು ಮಾಡಿ. ಮೊದಲ ದಿನ ತೆರೆದಿದ್ದರೆ ಉಲ್ಟಾ.

ಪಶ್ಚಿಮದಿಂದ ಶುರು ಮಾಡಿದರೆ ಹೀಗೆ. ಮೊದಲ ದಿನ ಮ್ಯಾಂಚೆಸ್ಟರ್‌ನಿಂದ ಎ 55 ಹಿಡಿದು, ಆಮೇಲೆ ಎ 470ರಲ್ಲಿ ದಕ್ಷಿಣಕ್ಕೆ ಲಾನ್‌ರೂಸ್ಟ್. ಗ್ವಿಡಿರ್ ಕೋಟೆಮನೆ, ಅದರ ಮೇಲುಗಡೆಯ ಚಾಪೆಲ್, ಸಂಜೆ ಲಾನ್‌ರಿಖ್ವಿನ್ ಚರ್ಚ್. ಎರಡನೇ ದಿನ ಡೋಲ್ವಿದೆಲನ್ ಚರ್ಚ್ ಮತ್ತು ಕೋಟೆ, ಘಟ್ಟ ದಾಟಿ ಬ್ಲೈನೈ ಫೆಸ್ಟಿನಿಯೋಗ್, ಹಾರ್ಲೆಖ್ ಕೋಟೆ, ಲಾನ್‌ಡಾನೂಗ್ ಚರ್ಚ್. ಮೂರನೇ ದಿನ ಕಡಲ ಪಕ್ಕದ ಲಾನಾಬರ್ ಚರ್ಚ್, ಡೋಲ್ಗೆಲೈ, ಅಲ್ಲಿಂದ ಕಾಸ್ಟೆಲ್ ಅ ಬೇರೆ ಕೋಟೆ. ನಾಲ್ಕನೇ ದಿನ ಬಾಲಾ ಮೇಲಿಂದ ರೀಗ್, ಲಾನ್‌ಗಾರ್, ಹಾಗೇ ಮ್ಯಾಂಚೆಸ್ಟರ್. ಕಾರ್ವೆನ್‌ನಿಂದ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ಸಾಕು, ಸಂಜೆ ದಟ್ಟಣೆಗೆ ಇನ್ನರ್ಧ ಗಂಟೆ ಸೇರಿಸಿ.

ಒಂದು ಎಚ್ಚರ: ಮೇ ಕೊನೆಯ ಸೋಮವಾರ ಬ್ಯಾಂಕ್ ಹಾಲಿಡೇ, ಅಂದರೆ ಸಾರ್ವಜನಿಕ ರಜೆ, ಆ ವಾರ ಶಾಲೆಗಳಿಗೂ ರಜೆ. ಕೋಣೆ ಸಿಗೋದು ಕಷ್ಟ, ಕಡಲ ದಾರಿಯಲ್ಲಿ ಕ್ಯಾರವಾನ್ ಸಾಲು. ಪ್ರಯಾಣವನ್ನು ಒಂದು ವಾರ ಮೊದಲೇ ಇಟ್ಟುಕೊಳ್ಳಲು ಸಾಧ್ಯವಾದರೆ ಇಟ್ಟುಕೊಳ್ಳಿ.

ಸ್ಟಿಯರಿಂಗ್_ಶೆಟ್ಟಿ

ಗಾಡಿ ವಿಷಯ ನಾನು ಹೇಳ್ತೇನೆ.

ಲೈಸೆನ್ಸ್: ಪ್ರವಾಸಕ್ಕೆ ಬಂದವರು ಇಂಡಿಯಾದ ಮಾನ್ಯ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳ ತನಕ ಕಾರು ಓಡಿಸಬಹುದು. ಮೂಲ ಕಾರ್ಡೇ ಬೇಕು, ಫೋನಿನಲ್ಲಿರೋ ಚಿತ್ರ ನಡೆಯಲ್ಲ. ಅಂತಾರಾಷ್ಟ್ರೀಯ ಪರ್ಮಿಟ್ ಕಾನೂನಿಗೆ ಕಡ್ಡಾಯ ಅಲ್ಲದಿದ್ದರೂ ಕೆಲವು ಬಾಡಿಗೆ ಕಂಪನಿಗಳು ಕೇಳುತ್ತವೆ, ಬುಕಿಂಗ್ ಷರತ್ತು ಓದಿ. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು ಅಂತ ಬಹಳಷ್ಟು ಕಡೆ ಹಿಡಿಯುತ್ತಾರೆ. ಹೆಂಡತಿ ಕಾರ್ಡು, ಗಂಡನ ಲೈಸೆನ್ಸು ಅಂದರೆ ಕೌಂಟರಿನಲ್ಲೇ ನಿಂತುಬಿಡುತ್ತೆ.

ಕಾರು: ನಾಲ್ಕು ಜನಕ್ಕೆ ದೊಡ್ಡ ಎಸ್‌ಯುವಿ ಅಂತ ಆಸೆಪಡಬೇಡಿ. ಹಳ್ಳಿದಾರಿಯ ಎರಡೂ ಕಡೆ ಕಲ್ಲುಗೋಡೆ, ಗೋಡೆಯ ಬುಡ ಹುಲ್ಲಿನಲ್ಲಿ ಮುಚ್ಚಿರುತ್ತೆ. ಎದುರು ಗಾಡಿಗೆ ಜಾಗ ಬಿಡೋಕೆ ಅಂತ ಎಡಕ್ಕೆ ಒತ್ತಿದಾಗ ಹುಲ್ಲೊಳಗಿನ ಚೂಪು ಕಲ್ಲು ಟೈರಿನ ಪಕ್ಕೆ ಸೀಳುತ್ತೆ. ಪಕ್ಕೆ ಸೀಳಿದ ಟೈರಿಗೆ ಪಂಚರ್ ಹಾಕೋಕೆ ಬರಲ್ಲ, ಹೊಸದೇ ಬೇಕು. ಮೂಲ ವಿಮೆಯಲ್ಲಿ ಟೈರು, ಗಾಜು, ಗಾಡಿಯ ತಳಭಾಗ ಸೇರದೇ ಇರೋದೇ ಹೆಚ್ಚು, ಬೇರೆ ಎಕ್ಸೆಸ್ ವಿಮೆ (ಹಾನಿಯಾದಾಗ ನಮ್ಮ ಪಾಲಿಗೆ ಬೀಳುವ ಮೊತ್ತ ಕೊಡುವಂಥದ್ದು) ತಗೊಂಡರೆ ಈ ಮೂರೂ ಅದರಲ್ಲಿ ಇವೆಯಾ ಅಂತ ನೋಡಿ. ಈಗಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಇರಲ್ಲ, ಅಂಟು ತುಂಬಿದ ಡಬ್ಬಿ ಮಾತ್ರ, ಅದು ಪಕ್ಕೆಯ ಸೀಳಿಗೆ ಉಪಯೋಗಕ್ಕೆ ಬರಲ್ಲ. ಕೀ ತಗೊಳ್ಳುವಾಗಲೇ ಡಿಕ್ಕಿ ತೆರೆದು ನೋಡಿ.

ವೇಗ: ಎಲ್ಲ ಮೈಲಿಯಲ್ಲಿ. ವೇಲ್ಸಿನಲ್ಲಿ 2023ರ ಸೆಪ್ಟೆಂಬರ್ 17ರಿಂದ ಬೀದಿದೀಪ ಇರುವ ಊರೊಳಗಿನ ರಸ್ತೆಗೆ ಸಾಮಾನ್ಯ ಮಿತಿ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಬೇರೆ ಬೋರ್ಡ್ ಇಲ್ಲದಿದ್ದರೆ 20 ಅಂತಲೇ ತಿಳಿಯಿರಿ. ಇಂಗ್ಲೆಂಡಿನಿಂದ ಬಂದವರು ಅಲ್ಲಿನ 30ರ ಅಭ್ಯಾಸದಲ್ಲಿ ಹೋಗಿ ಕ್ಯಾಮೆರಾಕ್ಕೆ ಸಿಗುತ್ತಾರೆ, ದಂಡದ ಜೊತೆ ಬಾಡಿಗೆ ಕಂಪನಿಯ ಶುಲ್ಕವೂ ಬೀಳುತ್ತೆ. ಬಿಳಿ ವೃತ್ತಕ್ಕೆ ಕಪ್ಪು ಓರೆ ಗೆರೆ ಇದ್ದರೆ, ನಡುವೆ ವಿಭಜಕ ಇಲ್ಲದ ರಸ್ತೆಯಲ್ಲಿ ಮಿತಿ 60. ಆ ಬೋರ್ಡು ಹಸು ದಾಟುವ ಓಣಿಗೂ ಹಾಕಿರ್ತಾರೆ. ಅಲ್ಲಿ 60ರಲ್ಲಿ ಹೋಗಲಿ ಅಂತಲ್ಲ, ತಿರುವಿನ ಆಚೆ ಕಾಣುವಷ್ಟು ದೂರದಲ್ಲಿ ನಿಲ್ಲಿಸಲು ಆಗುವ ವೇಗ ಮಾತ್ರ.

ಒಂದೇ ಗಾಡಿಯ ರಸ್ತೆ: ಅಲ್ಲಲ್ಲಿ ಅಗಲ ಮಾಡಿದ ಜಾಗ ಇರುತ್ತೆ, ಪಾಸಿಂಗ್ ಪ್ಲೇಸ್. ಅದು ನಿಮ್ಮ ಎಡಕ್ಕೆ ಇದ್ದರೆ ಒಳಗೆ ಸೇರಿ ನಿಲ್ಲಿ. ಬಲಕ್ಕೆ ಇದ್ದರೆ ದಾಟಿ ಹೋಗಬೇಡಿ, ಅದರ ಎದುರಿಗೇ ನಿಮ್ಮ ಎಡದಲ್ಲೇ ನಿಲ್ಲಿ, ಎದುರಿನವರು ಆ ಜಾಗಕ್ಕೆ ಇಳಿದು ದಾಟುತ್ತಾರೆ. ಏರು ಹತ್ತಿ ಬರುವ ಗಾಡಿಗೆ ದಾರಿ ಬಿಡಬೇಕು. ಅದಕ್ಕಿಂತ ಮುಖ್ಯ: ಮುಂದೆ ಹೋಗ್ತಾ ಹಿಂದೆ ಬಿಟ್ಟ ಕೊನೆಯ ಪಾಸಿಂಗ್ ಪ್ಲೇಸ್ ಎಲ್ಲಿ, ಎಷ್ಟು ದೂರ ಅಂತ ತಲೆಯಲ್ಲಿ ಇಟ್ಟುಕೊಂಡೇ ಇರಿ. ಎದುರು ಟ್ರ್ಯಾಕ್ಟರು ಟ್ರೇಲರ್ ಸಮೇತ ಬಂದರೆ ರಿವರ್ಸ್ ಹೋಗಬೇಕಾದವರು ನೀವೇ, ಅವನಿಗೆ ಅದು ಆಗದ ಕೆಲಸ. ಅಲ್ಲಿ ಗಾಡಿ ನಿಲ್ಲಿಸಿ ಫೋಟೋಗೆ ಇಳಿಯುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಇದ್ದರೂ ನಮಗೆ ಒಂದು ದೊಡ್ಡ ಅನುಕೂಲ ಉಂಟು. ಬಲಗಡೆ ಸ್ಟಿಯರಿಂಗ್, ಎಡಗಡೆ ಓಡಾಟ. ಚಾರ್ಮಾಡಿ, ಆಗುಂಬೆ ಓಡಿಸಿದವರಿಗೆ ತಿರುವು ಹೊಸದಲ್ಲ. ಹೊಸದು ಅಂದರೆ ಹಾರ್ನ್ ಇಲ್ಲದೆ, ಕೈ ಎತ್ತಿ ಸನ್ನೆ ಮಾಡಿ ದಾರಿ ಬಿಡಿಸಿಕೊಳ್ಳುವುದು.

ಮಂಡ್ಯದ್_ಮಾತು

ಹಾರ್ಲೆಖ್ ಒಂದೇ ಯಾಕೆ? 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ನಾಲ್ಕು ಕೋಟೆ: ಕಾನ್ವಿ, ಕಾರ್ನಾರ್ವನ್, ಬೋಮಾರಿಸ್, ಹಾರ್ಲೆಖ್. ಅಷ್ಟು ದೂರ ಹೋಗಿ ಕಾನ್ವಿ ಬಿಡೋದು ಅಂದ್ರೆ ಹಂಪಿಗೆ ಹೋಗಿ ವಿಠ್ಠಲ ದೇವಸ್ಥಾನ ಬಿಟ್ಟಂಗೆ. ಹೆಂಗೂ ಎ 55ರಲ್ಲೇ ಬರ್ತಾರಲ್ಲ, ಅಲ್ಲೇ ಪಕ್ಕದಲ್ಲೇ ಅದೆ.

ಕಲ್ಲುಗಾರೆ

ಕಾನ್ವಿ ನೋಡಬಾರದು ಅಂತ ಯಾರೂ ಹೇಳಲಾರರು. ಆದರೆ ಕೇಳಿರೋದು ಹಳ್ಳಿ ದಾರಿ, ಅದೂ ನಾಲ್ಕು ದಿನ, ಜೊತೆಗೆ ಹಿರಿಯರು. ಕಾನ್ವಿ ಸೇರಿಸಿದರೆ ಮೊದಲ ದಿನದ ಗ್ವಿಡಿರ್ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಇಂಗ್ಲೆಂಡಿನ ಎಡ್ವರ್ಡ್ ದೊರೆಯ ಆ ನಾಲ್ಕು ಕೋಟೆಗಳು ವೇಲ್ಸ್ ಗೆದ್ದವನು ಕಟ್ಟಿದ್ದು, ಹಡಗಿನಲ್ಲಿ ಸಾಮಾನು ಬರಲಿ ಅಂತ ಕಡಲಂಚಿನಲ್ಲಿ. ಡೋಲ್ವಿದೆಲನ್, ಡೋಲ್ಬಾಡಾರ್ನ್, ಕಾಸ್ಟೆಲ್ ಅ ಬೇರೆ ಸೋತವರ ಕೋಟೆಗಳು. ಮೂರನ್ನೂ ಕಟ್ಟಿಸಿದವನು ಹದಿಮೂರನೇ ಶತಮಾನದ ವೇಲ್ಸ್ ಅರಸ ಲುವೆಲಿನ್ ಅಬ್ ಯೋರ್ವರ್ತ್, ಬೆಟ್ಟದ ಒಳದಾರಿ ಕಾಯಲು. ಅವು ಇರೋದೇ ಹಳ್ಳಿಯ ನೆತ್ತಿಯಲ್ಲಿ, ಪಕ್ಕದಲ್ಲೇ ಊರಿನ ಚರ್ಚು. ಇವನ್ನು ಎರಡು ನೋಡಿ ಆಮೇಲೆ ಹಾರ್ಲೆಖ್ ಹೆಬ್ಬಾಗಿಲ ಕೆಳಗೆ ನಿಂತರೆ 1283ರಲ್ಲಿ ವೇಲ್ಸ್ ಸೋತಾಗ ಏನು ನಡೆಯಿತು ಅನ್ನೋದು ಕಣ್ಣಿಗೇ ಕಾಣುತ್ತದೆ. ಆದ್ದರಿಂದ ದೊಡ್ಡದರಲ್ಲಿ ಒಂದೇ ಸಾಕು, ಅದು ಹಾರ್ಲೆಖ್ ಆಗಿರಲಿ, ಮತ್ತು ಅದು ಡೋಲ್ವಿದೆಲನ್ ನಂತರ ಬರಲಿ.

ಡೋಲ್ಬಾಡಾರ್ನ್ ಇರೋದು ಲಾನ್‌ಬೆರಿಸ್‌ನಲ್ಲಿ, ಪ್ರವೇಶ ಉಚಿತ. ದುಂಡು ಬತೇರಿ ಗಾರೆ ಹಾಕಿ ಕಟ್ಟಿದ್ದು, ಸುತ್ತುಗೋಡೆ ಗಾರೆಯಿಲ್ಲದೆ ಸ್ಲೇಟ್ ಕಲ್ಲು ಪೇರಿಸಿದ್ದು, ಪಕ್ಕಪಕ್ಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಗೆದ್ದ ಮೇಲೆ ಎಡ್ವರ್ಡ್ ಇದರ ಮರಮುಟ್ಟು ಕೀಳಿಸಿ ಕಾರ್ನಾರ್ವನ್ ಕೆಲಸಕ್ಕೆ ಸಾಗಿಸಿದ. ಆದರೆ ನಿಮ್ಮ ಸುತ್ತಿನಿಂದ ಅದು ಪಕ್ಕಕ್ಕೆ ಬೀಳುತ್ತದೆ, ಸ್ನೋಡನ್ ಬೆಟ್ಟ ಹತ್ತುವವರ ಗಾಡಿಗಳಿಂದ ಲಾನ್‌ಬೆರಿಸ್‌ನಲ್ಲಿ ಪಾರ್ಕಿಂಗ್ ಬೆಳಗ್ಗೆಯೇ ತುಂಬುತ್ತದೆ. ಈ ಸಲಕ್ಕೆ ಬಿಡಿ.

ದಾರಿಬುತ್ತಿ

ತುಂಬಾ ಉಪಕಾರ ಸರ್. ಮೊದಲ ಎರಡು ದಿನದ ಜಾಗಗಳಲ್ಲಿ ಏನು ನೋಡಬೇಕು, ಹಿರಿಯರಿಗೆ ಎಲ್ಲಿ ಕಷ್ಟ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?

ಕಲ್ಲುಗಾರೆ

ಮೊದಲ ಎರಡು ದಿನವನ್ನು ಒಂದು ಮನೆತನದ ಕಥೆಯಾಗಿ ನೋಡಿ. ಹದಿನೈದನೇ ಶತಮಾನದ ಕೊನೆಗೆ ಮರೆದೀದ್ ಅಪ್ ಇಯೆವಾನ್ ಎಂಬಾತ ಡೋಲ್ವಿದೆಲನ್ ಕೋಟೆಯನ್ನು ಗುತ್ತಿಗೆ ಹಿಡಿದ. ಅಲ್ಲಿನ ಈಗಿನ ಚರ್ಚು 1500ರ ಹೊತ್ತಿಗೆ ಅವನು ಕಟ್ಟಿಸಿದ್ದು. ಆಮೇಲೆ ಗ್ವಿಡಿರ್‌ಗೆ ಬಂದು ನೆಲೆಸಿದ. ಅವನ ವಂಶದವರೇ ಗ್ವಿಡಿರ್‌ನ ವಿನ್ ಮನೆತನ. ಅವರಲ್ಲಿ ಸರ್ ರಿಚರ್ಡ್ ವಿನ್ ಎಂಬಾತ 1673ರಲ್ಲಿ ಮನೆಯ ಮೇಲುಗಡೆ ಸ್ವಂತಕ್ಕೆ ಚಾಪೆಲ್ ಕಟ್ಟಿಸಿದ.

ಗ್ವಿಡಿರ್ ಹೆಸರಿಗೆ ಕೋಟೆ, ನಿಜದಲ್ಲಿ ಭದ್ರವಾದ ದೊಡ್ಡ ಮನೆ. ಖಾಸಗಿ ಒಡೆತನ, ತೆರೆಯುವ ದಿನ ಬೇರೆಯೇ ವಿಚಾರಿಸಬೇಕು, ಕ್ಯಾಡೂ ಪಾಸ್ ಇಲ್ಲಿ ನಡೆಯೋದಿಲ್ಲ. ಇದರ ಊಟದ ಕೋಣೆಯ ಕೆತ್ತನೆ ಮರದ ಹೊದಿಕೆಯನ್ನು 1921ರಲ್ಲಿ ಅಮೆರಿಕದ ಪತ್ರಿಕಾ ದೊರೆ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಕೊಂಡೊಯ್ದಿದ್ದ. ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಿಂದ 1996ರಲ್ಲಿ ವಾಪಸು ಬಂದು ಮತ್ತೆ ಅದೇ ಗೋಡೆಗೆ ಕೂತಿದೆ. ಚಾಪೆಲ್ ಹೊರಗಿನಿಂದ ಉಗ್ರಾಣದಂತೆ ಕಾಣುವ ಸಾದಾ ಕಟ್ಟಡ. ಒಳಗೆ ಹೋಗಿ ತಲೆ ಎತ್ತಿದರೆ ಮರದ ಚಾವಣಿ ಪೂರ್ತಿ ಬಣ್ಣ: ಸೃಷ್ಟಿ, ಕೊನೆಯ ತೀರ್ಪು, ತುತ್ತೂರಿ ಹಿಡಿದ ದೇವದೂತರು. ಹಳ್ಳಿ ಕೈಯ ಚಿತ್ರ, ಮುಖಗಳು ಸಪಾಟು, ಆದರೆ ಬಣ್ಣದ ಧೈರ್ಯ ಅಪಾರ. ಕತ್ತು ನೋಯುತ್ತದೆ, ಹಿರಿಯರನ್ನು ಬೆಂಚಿನ ಮೇಲೆ ಹಿಂದಕ್ಕೆ ಒರಗಿ ಕೂರಿಸಿ ತೋರಿಸಿ.

ಲಾನ್‌ರೂಸ್ಟ್‌ನಿಂದ ಗ್ವಿಡಿರ್‌ಗೆ ಬರಲು ಪಾಂಟ್ ವಾವರ್ ಸೇತುವೆ ದಾಟಬೇಕು, 1636ರದ್ದು. ಒಂದೇ ಗಾಡಿ ಅಗಲ, ನಡುವೆ ಎಷ್ಟು ಉಬ್ಬಿದೆ ಅಂದರೆ ಆಚೆ ತುದಿ ಕಾಣಿಸುವುದಿಲ್ಲ. ಸೇತುವೆ ಶುರುವಾಗುವಲ್ಲೇ ಪೂರ್ತಿ ನಿಂತು, ಎದುರಿನಿಂದ ಯಾರೂ ಏರುತ್ತಿಲ್ಲ ಅಂತ ಖಚಿತವಾದ ಮೇಲೆ ಹತ್ತಿ.

ಲಾನ್‌ರಿಖ್ವಿನ್ ವೇಲ್ಸಿನ ಅತಿ ಹಳೆಯ ಚರ್ಚುಗಳಲ್ಲಿ ಒಂದು ಅನ್ನುತ್ತಾರೆ. ಲುವೆಲಿನ್ ಮತ್ತು ಅವನ ಹೆಂಡತಿ, ಇಂಗ್ಲೆಂಡಿನ ಜಾನ್ ದೊರೆಯ ಮಗಳು ಜೋನ್, ಇಲ್ಲಿಗೆ ಪ್ರಾರ್ಥನೆಗೆ ಬರುತ್ತಿದ್ದರಂತೆ. ಗುಡ್ಡ ಹತ್ತಲು ಆಕೆಗೆ ಬೇಸರವಾಯಿತೆಂದು ಕೆಳಗೆ ಟ್ರೆವ್ರಿಯುನಲ್ಲಿ ಇನ್ನೊಂದು ಚರ್ಚು ಕಟ್ಟಿಸಿದನೆಂದು ಊರ ಮಾತು. ಈಗಲೂ ದಾರಿ ಹಾಗೇ ಇದೆ: ಕಡಿದಾದ ಏರು, ಒಂದೇ ಗಾಡಿ ಅಗಲ, ಮೇಲೆ ನಿಲ್ಲಿಸಲು ಜಾಗ ಬಹಳ ಕಮ್ಮಿ. ಓಡಿಸುವವರಿಗೆ ಧೈರ್ಯ ಇಲ್ಲದಿದ್ದರೆ ಟ್ರೆವ್ರಿಯುನಲ್ಲಿ ಕಾರು ಬಿಟ್ಟು ನಡೆಯೋರು ನಡೆಯಲಿ, ಹಿರಿಯರು ಕೆಳಗಿನ ಚರ್ಚು ನೋಡಲಿ. ಇಬ್ಬರ ಪಾಲಿಗೂ ಕಥೆಯ ಅರ್ಧರ್ಧ ಸಿಗುತ್ತದೆ.

ಡೋಲ್ವಿದೆಲನ್‌ನಲ್ಲಿ ಕೋಟೆಗೆ ಮೊದಲು ಚರ್ಚು. ಕೋಟೆ ಊರಿನಿಂದ ಮುಂದೆ ಎ 470ರ ಪಕ್ಕದಲ್ಲೇ, ಸಣ್ಣ ಪಾರ್ಕಿಂಗ್, ಅಲ್ಲಿಂದ ಹೊಲದ ನಡುವೆ ಹತ್ತು ಹದಿನೈದು ನಿಮಿಷದ ಏರು. ಮಳೆ ಬಂದಿದ್ದರೆ ಕೆಸರು, ಚಪ್ಪಲಿಯಲ್ಲಿ ಆಗದು. ಬತೇರಿಯ ಒಳಗೆ ಹೋದ ಮೇಲೆ ಗೋಡೆಯಲ್ಲಿ ಇಳಿಜಾರಾಗಿ ಓಡುವ ಗೆರೆ ಹುಡುಕಿ. ಅದು ಲುವೆಲಿನ್ ಕಾಲದ ಸೂರಿನ ಗುರುತು. ಅದರ ಮೇಲಿನ ಅಂತಸ್ತು ಹದಿನೈದನೇ ಶತಮಾನದ ಕೊನೆಗೆ ಏರಿಸಿದ್ದು. ತುದಿಯ ಕೋಟೆ ತೆನೆಗಳು ಹತ್ತೊಂಬತ್ತನೇ ಶತಮಾನದ ರಿಪೇರಿ. ಮೂರು ಕಾಲ ಒಂದೇ ಗೋಡೆಯಲ್ಲಿ, ಕೆಳಗಿಂದ ಮೇಲಕ್ಕೆ. 1283ರ ಜನವರಿಯಲ್ಲಿ ಇದನ್ನು ಹಿಡಿದ ಎಡ್ವರ್ಡ್‌ನ ಪಡೆಗೆ ಹಿಮದಲ್ಲಿ ಕಾಣದಿರಲೆಂದು ಬಿಳಿ ಬಟ್ಟೆ ಕೊಟ್ಟಿದ್ದರು, ಲೆಕ್ಕಪತ್ರದಲ್ಲಿ ಅದು ಉಳಿದಿದೆ.

ನಕ್ಷೆಪೆಟ್ಟಿಗೆ

ಹಾರ್ಲೆಖ್‌ಗೆ ಹೋಗುವ ರಸ್ತೆ ಬಗ್ಗೆ ಸ್ವಲ್ಪ ಗಮನ ಕೊಡಿ. ಎ 496 ಬಂಡೆಯ ಕೆಳಗಿನಿಂದ ಹೋಗುತ್ತೆ, ಕೋಟೆ ಮತ್ತು ಊರು ಬಂಡೆಯ ಮೇಲೆ. ಕೆಳಗೆ ರೈಲು ನಿಲ್ದಾಣದ ಬಳಿ ನಿಲ್ಲಿಸಿದರೆ ಹಿರಿಯರು ಹತ್ತಲಾರರು. ಬಿ 4573 ಹಿಡಿದು ಮೇಲಿನ ಊರಿಗೇ ಬನ್ನಿ, ಕೋಟೆ ಎದುರು ಟಿಕೆಟ್ ಕೌಂಟರ್, ಅಲ್ಲಿಂದ 2015ರಲ್ಲಿ ಹಾಕಿದ ಕಾಲುಸೇತುವೆ ಮೇಲೆ ಸಮತಟ್ಟಾಗಿ ನಡೆದು ಹೆಬ್ಬಾಗಿಲಿಗೆ. ಅದಕ್ಕೂ ಮೊದಲು ಮೆಟ್ಟಿಲು ಹತ್ತಬೇಕಿತ್ತು. ಒಳ ಅಂಗಳದ ತನಕ ಎಲ್ಲರಿಗೂ ಸಾಧ್ಯ, ಗೋಡೆ ಮೇಲಿನ ನಡಿಗೆಗೆ ಸುರುಳಿ ಮೆಟ್ಟಿಲೇ ಗತಿ.

ಮೇಲಿನಿಂದ ಕೆಳಗೆ ಇಳಿಯುವಾಗ ಜಿಪಿಎಸ್ ನಿಮ್ಮನ್ನು ಫೋರ್ದ್ ಪೆನ್ ಲೆಖ್ ಎಂಬ ಬೀದಿಗೆ ತಳ್ಳಬಹುದು. 2019ರಲ್ಲಿ ಗಿನ್ನೆಸ್ ಅದನ್ನು ಜಗತ್ತಿನ ಅತಿ ಕಡಿದಾದ ಬೀದಿ ಅಂತ ಘೋಷಿಸಿತ್ತು, ಮರುವರ್ಷ ಅಳತೆಯ ಕ್ರಮ ಬದಲಾಗಿ ಪಟ್ಟ ನ್ಯೂಜಿಲೆಂಡಿಗೆ ವಾಪಸು ಹೋಯಿತು. ಇಳಿಯಲು ಮಾತ್ರ ಇರುವ ಏಕಮುಖ ಬೀದಿ. ಬಾಡಿಗೆ ಕಾರಿನಲ್ಲಿ, ಮಳೆಯಲ್ಲಿ ಅದು ಬೇಡ. ನಡೆದು ಹೋಗಿ ನೋಡಿ, ಸಾಕು.

ಇನ್ನೊಂದು ಬಲೆ ಮೂರನೇ ದಿನ ಕಾದಿದೆ. ಕಾಸ್ಟೆಲ್ ಅ ಬೇರೆ ಇರುವ ಹಳ್ಳಿ ಲಾನ್‌ವಿಹಾಂಗೆಲ್-ಅ-ಪೆನಾಂಟ್. ಅದೇ ಹೆಸರಿನ ಇನ್ನೊಂದು ಹಳ್ಳಿ ಪೋರ್ತ್‌ಮಾಡೋಗ್ ಹತ್ತಿರವೂ ಇದೆ. ಹಳ್ಳಿ ಹೆಸರು ಹಾಕಿದರೆ ಒಂದು ಗಂಟೆ ಉತ್ತರಕ್ಕೆ ಹೋಗಿ ನಿಲ್ಲುತ್ತೀರಿ. ಕೋಟೆ ಹೆಸರೇ ಹಾಕಿ, ದಾರಿ ಅಬರ್ಗನೋಲ್ವಿನ್ ಮೇಲೆ ಹೋಗುತ್ತಿದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಬಾಯಲ್ಲಿ ಹೇಳಿ ಹುಡುಕೋದು ಇಲ್ಲಿ ಕೆಲಸಕ್ಕೆ ಬರಲ್ಲ, ಅಕ್ಷರ ಅಕ್ಷರ ಟೈಪ್ ಮಾಡಿ. ಕಣಿವೆಗಳಲ್ಲಿ ಸಿಗ್ನಲ್ ಹೋಗುತ್ತೆ, ನಕಾಶೆ ಮೊದಲೇ ಇಳಿಸಿಟ್ಟುಕೊಳ್ಳಿ.

ಕಾಗದದ ನಕಾಶೆ ಇಷ್ಟಪಡುವವರಿಗೆ ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:50,000 ಹಾಳೆಗಳಲ್ಲಿ 115, 124, 125 ಸಾಕು. ಅದರಲ್ಲಿ ಚರ್ಚಿಗೆ ಮೂರು ಗುರುತು: ಚೌಕದ ಮೇಲೆ ಶಿಲುಬೆ ಅಂದರೆ ಗೋಪುರ ಉಂಟು, ದುಂಡಿನ ಮೇಲೆ ಶಿಲುಬೆ ಅಂದರೆ ಚೂಪು ಶಿಖರ, ಬರೀ ಶಿಲುಬೆ ಅಂದರೆ ಎರಡೂ ಇಲ್ಲ. ಈ ಬೆಟ್ಟದ ಹಳೆ ಚರ್ಚುಗಳು ಹೆಚ್ಚಾಗಿ ಮೂರನೇ ಬಗೆ. ದಪ್ಪ ಗಾತಿಕ್ ಅಕ್ಷರದಲ್ಲಿ ಬರೆದದ್ದು ಪ್ರಾಚೀನ ಸ್ಥಳ.

ಬೆಳ್ಳಿಮೋಡ_ಧಾರವಾಡ

ಲಾನ್‌ಡಾನೂಗ್ ಬಗ್ಗೆ ಯಾರೂ ಹೇಳಲೇ ಇಲ್ಲರಿ. ಹಾರ್ಲೆಖ್‌ನಿಂದ ಕಾರಿನ್ಯಾಗ ಹತ್ತು ನಿಮಿಷ ಇಲ್ಲ. ಸೇಂಟ್ ಟಾನೂಗ್ ಚರ್ಚು, ಸಮುದ್ರದ ಉಸುಕಿನ ದಿಬ್ಬದಾಗ ಅರ್ಧ ಹೂತಂಗ ಕುಂತದ. ಮೊದಲ ಇದಾ ಹಾರ್ಲೆಖ್‌ನ ಊರಚರ್ಚು. ಹತ್ತೊಂಬತ್ತನೇ ಶತಮಾನದಾಗ ಮ್ಯಾಲೆ ಊರಾಗ ಹೊಸ ಚರ್ಚು ಆತು, ಇದನ್ನ ಬಿಟ್ಟರು, ಸೂರು ಹೋತು, ಉಸುಕು ತುಂಬಿತು. 1884ರಾಗ ಹಳೇ ಕಟ್ಟಡ ಉಳಿಸೋ ಸಂಘದವರು ಮುಂದ ಬಂದು ರಿಪೇರಿ ಮಾಡಿಸಿದರು. ಒಳಗ 5-6ನೇ ಶತಮಾನದ ಬರಹದ ಕಲ್ಲು ಅದಾವ. ಬಾಗಲಾ ತೆಗೆದಿದ್ದರ ನೋಡ್ರಿ, ಮುಚ್ಚಿದ್ದರೂ ಸುತ್ತ ಗೋಡೆ, ಗೋರಿಕಲ್ಲು ನೋಡಾಕ ಹೋಗ್ರಿ. ಪಾರ್ಕಿಂಗ್ ಪಕ್ಕದಾಗ, ಹಿರಿಯರಿಗೆ ಇಷ್ಟು ಸಲೀಸು ಜಾಗ ಈ ಸುತ್ತಿನ್ಯಾಗ ಇನ್ನೊಂದಿಲ್ಲ. ಗಾಳಿ ಮಾತ್ರ ಜೋರು, ಟೋಪಿ ಕಟ್ಟಿಕೊಳ್ರಿ.

ಲಾನಾಬರ್‌ನ ಚರ್ಚೂ ಬಿಡಬ್ಯಾಡ್ರಿ. ಬಾರ್ಮತ್‌ಗಿಂತ ಸ್ವಲ್ಪ ಮೊದಲ, ಎ 496ರ ಬಾಜೂಕ. ಹದಿಮೂರನೇ ಶತಮಾನದ ಕಟ್ಟಡ, ದಕ್ಷಿಣ ಬಾಗಲದ ಕಮಾನಿನಾಗ ಒಂದರ ಒಳಗೊಂದು ಕಲ್ಲಿನ ದುಂಡು ಪಟ್ಟಿ. ಸಂಜಿ ಬೆಳಕು ಕಡಲ ಕಡೆಯಿಂದ ಬೀಳತದ.

ದಾರಿಬುತ್ತಿ

ಧನ್ಯವಾದ ರೀ. ಕಾಸ್ಟೆಲ್ ಅ ಬೇರೆ ಹಿರಿಯರಿಗೆ ಆಗುತ್ತಾ?

ಕಲ್ಲುಗಾರೆ

ಪಾರ್ಕಿಂಗ್‌ನಿಂದ ಹಾದಿ ಹತ್ತು ನಿಮಿಷ, ಶುರುವಿನಲ್ಲಿ ಸುಲಭ, ಕೊನೆಗೆ ಬಂಡೆ ಮತ್ತು ಮೆಟ್ಟಿಲು. ಮೊಣಕಾಲು ನೋವಿದ್ದರೆ ಬುಡದ ತನಕ ಸಾಕು. ಟಿಕೆಟ್ ಇಲ್ಲ, ಕಾವಲುಗಾರರಿಲ್ಲ, ಶೌಚಾಲಯವೂ ಇಲ್ಲ. ಉದ್ದನೆಯ ಬಂಡೆಯ ಆಕಾರಕ್ಕೇ ಗೋಡೆ ಕಟ್ಟಿದ್ದಾರೆ, ತುದಿಗಳಲ್ಲಿ ಮುಂದಕ್ಕೆ ಚಾಚಿದ ಅರ್ಧದುಂಡಿನ ಬತೇರಿ. ಹೀಗೆ ಒಂದು ಕಡೆ ಚಪ್ಪಟೆ, ಒಂದು ಕಡೆ ದುಂಡು ಇರುವ ಬತೇರಿ ವೇಲ್ಸ್ ಅರಸರ ಕೆಲಸದ ಗುರುತು. 1221ರಲ್ಲಿ ಶುರುವಾದ ಕೋಟೆ, 1283ರ ಏಪ್ರಿಲ್ 25ರಂದು ಇಂಗ್ಲಿಷರಿಗೆ ಬಿತ್ತು, ಆ ಯುದ್ಧದಲ್ಲಿ ಕೊನೆಗೆ ಬಿದ್ದದ್ದು ಇದೇ ಅನ್ನುತ್ತಾರೆ. ಮುಂದೆ 1294-95ರ ವೇಲ್ಸ್ ಜನರ ದಂಗೆಯ ಹೊತ್ತಿಗೆ ಪಾಳು ಬಿತ್ತು.

ಹತ್ತದವರು ಅಷ್ಟರಲ್ಲಿ ಹಳ್ಳಿಯ ಸೇಂಟ್ ಮೈಕೆಲ್ ಚರ್ಚ್ ನೋಡಲಿ. ಇದು ಮೇರಿ ಜೋನ್ಸ್ ಎಂಬ ಬಡ ಹುಡುಗಿಯ ಊರು. 1800ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಕೂಡಿಟ್ಟ ದುಡ್ಡಲ್ಲಿ ವೇಲ್ಸ್ ಭಾಷೆಯ ಬೈಬಲ್ ಕೊಳ್ಳಲು ಸುಮಾರು ನಲವತ್ತು ಕಿ.ಮೀ. ದೂರದ ಬಾಲಾ ಊರಿಗೆ ನಡೆದು ಹೋದಳು. ಜನರ ಭಾಷೆಯಲ್ಲೇ ಬೈಬಲ್ ಸಿಗಬೇಕೆಂದು 1804ರಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಹುಟ್ಟಿದ್ದಕ್ಕೆ ಆ ನಡಿಗೆಯನ್ನೇ ಪ್ರೇರಣೆ ಎನ್ನುತ್ತಾರೆ. ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ಬೈಬಲ್ ತಂದದ್ದೂ ಅದೇ ಕಾಲದ ಅದೇ ಹುರುಪಿನಲ್ಲಿ. ಆಕೆಯ ಮನೆಯ ಪಾಳುಗೋಡೆ, ನೆನಪಿನ ಕಂಬ ಹಳ್ಳಿಯಲ್ಲೇ ಇವೆ. ಮರುದಿನ ಬೆಳಗ್ಗೆ ನೀವು ಹೋಗುವುದೂ ಬಾಲಾ ಕಡೆಗೇ.

ಸ್ಟಿಯರಿಂಗ್_ಶೆಟ್ಟಿ

ಅಬರ್ಗನೋಲ್ವಿನ್ ದಾಟಿದ ಮೇಲಿನ ಆ ಕೊನೆಯ ಕೆಲವು ಮೈಲಿ ಒಂದೇ ಗಾಡಿಯ ರಸ್ತೆ. ಕುರಿ ರಸ್ತೆ ಮೇಲೇ ಮಲಗಿರುತ್ತೆ. ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ ಇದ್ದರೆ ಮರಿ ನಿಮ್ಮ ಗಾಲಿ ಮುಂದೆಯೇ ಓಡಿ ತಾಯಿ ಹತ್ತಿರ ಹೋಗುತ್ತೆ, ಹಾಗೆ ಕಂಡರೆ ಪೂರ್ತಿ ನಿಲ್ಲಿಸಿ. ಪೆಟ್ರೋಲು ಡೋಲ್ಗೆಲೈನಲ್ಲೇ ತುಂಬಿಸಿ. ಬಂಕಿನಲ್ಲಿ ಹಸಿರು ಹಿಡಿ ಪೆಟ್ರೋಲು, ಕಪ್ಪು ಹಿಡಿ ಡೀಸೆಲ್.

ಉಪ್ಪಿಟ್ಟು_ಪ್ರಿಯೆ

ಊಟದ ವಿಷಯ ಯಾರೂ ಎತ್ತಿಲ್ಲ. ಸಸ್ಯಾಹಾರಿಗಳಾದರೆ ಊರಿನ ಪಬ್‌ಗಳಲ್ಲಿ ಒಂದೆರಡು ಬಗೆ ಸಿಗುತ್ತೆ, ಆದರೆ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತೆ. ಮೂರು ಗಂಟೆಗೆ ಹಸಿದು ಹೋದರೆ ಚಿಪ್ಸ್ ಪೊಟ್ಟಣವೇ. ದೊಡ್ಡ ಸೂಪರ್ ಮಾರ್ಕೆಟ್‌ಗಳು ಭಾನುವಾರ ಕಾನೂನಿನ ಪ್ರಕಾರ ಆರು ಗಂಟೆ ಹೊತ್ತು ಮಾತ್ರ ತೆರೆದಿರುತ್ತವೆ. ಅಡುಗೆಮನೆ ಇರುವ ವಸತಿ ಹಿಡಿದು ಬೆಳಗ್ಗೆಯೇ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಬಿಸಿನೀರು ಇಟ್ಟುಕೊಂಡರೆ ಹಿರಿಯರಿಗೂ ನೆಮ್ಮದಿ.

ತಂಗಲು: ಮೊದಲ ರಾತ್ರಿ ಲಾನ್‌ರೂಸ್ಟ್ ಅಥವಾ ಟ್ರೆವ್ರಿಯು, ಉಳಿದೆರಡು ರಾತ್ರಿ ಡೋಲ್ಗೆಲೈ. ದಿನಾ ಪೆಟ್ಟಿಗೆ ಬಿಚ್ಚಿ ಕಟ್ಟೋ ಕೆಲಸ ತಪ್ಪುತ್ತೆ. ಹಾರ್ಲೆಖ್‌ನಿಂದ ಡೋಲ್ಗೆಲೈ ಇಪ್ಪತ್ತು ಮೈಲಿ ಅಷ್ಟೆ.

ಕಲ್ಲುಗಾರೆ

ಮೇಡಂ ಹೇಳಿದ್ದು ಸರಿ, ಡೋಲ್ಗೆಲೈನಲ್ಲಿ ಎರಡು ರಾತ್ರಿ ಒಳ್ಳೆಯದು. ಲಾನಾಬರ್ ದಾರಿಯಲ್ಲೇ ಇರೋದರಿಂದ ಎರಡನೇ ದಿನದ ಸಂಜೆಗೇ ಆಗುತ್ತದೆ, ಮೂರನೇ ದಿನ ಹಗುರವಾಗುತ್ತದೆ.

ಇನ್ನು ನಾಲ್ಕನೇ ದಿನ. ರೀಗ್ ಚಾಪೆಲ್ 1637ರದ್ದು, ಕರ್ನಲ್ ವಿಲಿಯಂ ಸಾಲ್ಸ್‌ಬರಿ ಎಂಬ ಜಮೀನ್ದಾರ ಕಟ್ಟಿಸಿದ್ದು. ಮುಂದೆ ದೊರೆಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದಲ್ಲಿ ಡೆನ್‌ಬಿ ಕೋಟೆಯನ್ನು ದೊರೆಯ ಪರ 1646ರ ತನಕ ಹಿಡಿದಿಟ್ಟವನು ಇವನೇ. ಚರ್ಚಿನಲ್ಲಿ ಅಲಂಕಾರ ಪಾಪ ಎನ್ನುವವರ ಕೈ ಮೇಲಾಗುತ್ತಿದ್ದ ಕಾಲದಲ್ಲಿ ಇವನು ತೊಲೆ, ಬೆಂಚಿನ ತುದಿ, ಚಾವಣಿ ಎಲ್ಲಕ್ಕೂ ಕೆತ್ತನೆ, ಬಣ್ಣ ಮಾಡಿಸಿದ. ಬೆಂಚುಗಳ ಕೆಳಪಟ್ಟಿಯಲ್ಲಿ ಸಾಲಾಗಿ ಪ್ರಾಣಿಗಳಿವೆ, ಬಗ್ಗಿ ನೋಡಬೇಕು.

ಲಾನ್‌ಗಾರ್ ಅದರ ಎದುರುರೂಪ. ಹಣವಿಲ್ಲದ ರೈತರ ಚರ್ಚು, 1856ರಲ್ಲಿ ಪಕ್ಕದ ಕನ್ವಿದ್‌ನಲ್ಲಿ ಹೊಸದು ಕಟ್ಟಿದ ಮೇಲೆ ಇದನ್ನು ಮುಚ್ಚಿದರು. ಹಾಗಾಗಿ ವಿಕ್ಟೋರಿಯ ಕಾಲದ ರಿಪೇರಿಯ ಕೈ ಇದಕ್ಕೆ ತಾಗಲೇ ಇಲ್ಲ. ಗೋಡೆಗೆ ತಲೆಮಾರಿನಿಂದ ತಲೆಮಾರಿಗೆ ಸುಣ್ಣ ಬಳಿದು ಅದರ ಮೇಲೆ ಹೊಸ ಚಿತ್ರ, ಹೊಸ ಬರಹ ಹಾಕುತ್ತಾ ಬಂದಿದ್ದಾರೆ. ಈಗ ಅಲ್ಲಲ್ಲಿ ಪದರ ಬಿಟ್ಟು ಒಂದರಡಿಯಿಂದ ಇನ್ನೊಂದು ಇಣುಕುತ್ತದೆ. ಎಲ್ಲಕ್ಕೂ ಮೇಲೆ ಮೃತ್ಯುವಿನ ದೊಡ್ಡ ಅಸ್ಥಿಪಂಜರ. ಗೋಡೆ ಮುಟ್ಟಬೇಡಿ, ಬೆನ್ನು ತಾಗಿಸಬೇಡಿ, ಫ್ಲಾಶ್ ಹಾಕಬೇಡಿ. ಸುಣ್ಣದ ಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ, ಬಣ್ಣ ಆ ಪುಡಿಪದರದ ಮೇಲೆ ಕೂತಿರೋದು. ಒಂದು ಜಾಕೆಟ್ ಉಜ್ಜಿದರೆ ಬೆರಳಗಲ ಚಿತ್ರ ಉದುರುತ್ತದೆ. ಇಂಥ ಗೋಡೆಗೆ ಸಿಮೆಂಟ್ ಮೆತ್ತಿದ ಕಡೆಯೆಲ್ಲ ತೇವ ಒಳಗೇ ಸಿಕ್ಕಿ ಚಿತ್ರ ಹಾಳಾಗಿದೆ, ನಮ್ಮ ಕಡೆಯ ಹಳೆ ಗುಡಿಗಳ ಕತೆಯೂ ಇದೇ.

ನಕ್ಷೆಪೆಟ್ಟಿಗೆ

ಕಾವಲಿಲ್ಲದ ಚರ್ಚುಗಳ ಬಗ್ಗೆ ಎರಡು ಮಾತು. ಮುಖಮಂಟಪದಲ್ಲಿ ಜಾಲರಿ ಬಾಗಿಲು ಇದ್ದರೆ ಒಳಗೆ ಹೋಗುವಾಗಲೂ ಬರುವಾಗಲೂ ಮುಚ್ಚಿ. ತೆರೆದರೆ ಕವಲುಬಾಲದ ಹಕ್ಕಿ ಒಳಗೆ ಸೇರಿ ಸಿಕ್ಕಿಕೊಂಡು ನೀರಿಲ್ಲದೆ ಸಾಯುತ್ತೆ. ಹಳೆ ಬಾಗಿಲಿನ ಕಬ್ಬಿಣದ ಬಳೆ ಎರಡೂ ಕಡೆಗೆ ತಿರುಗಿಸಿ ನೋಡಿ, ಬಿಗಿ ಇದ್ದಾಕ್ಷಣ ಬೀಗ ಅಂತಲ್ಲ. ನಿಜವಾಗಿ ಬೀಗ ಇದ್ದರೆ ಕೀಲಿ ಯಾರ ಹತ್ತಿರ ಅಂತ ಮಂಟಪದ ಹಲಗೆಯಲ್ಲಿ ಚೀಟಿ ಇರಬಹುದು. ಭಾನುವಾರ ಬೆಳಗ್ಗೆ ಪ್ರಾರ್ಥನೆ ನಡೆಯುತ್ತಿದ್ದರೆ ಮುಗಿಯುವ ತನಕ ಹೊರಗೆ ಕಾಯಿರಿ. ಒಳಗೆ ಕತ್ತಲು, ಟಾರ್ಚ್ ಬೇಕೇ ಬೇಕು.

ಕ್ಯಾಡೂನ ಎಕ್ಸ್‌ಪ್ಲೋರರ್ ಪಾಸ್ ಇದೆ, ಅವರ ಹಲವು ಜಾಗಗಳಿಗೆ ಒಂದೇ ಟಿಕೆಟ್. ನಿಮ್ಮ ಸುತ್ತಿನಲ್ಲಿ ಟಿಕೆಟ್ ಇರುವ ಕ್ಯಾಡೂ ಜಾಗ ಹಾರ್ಲೆಖ್, ಡೋಲ್ವಿದೆಲನ್, ರೀಗ್ ಮಾತ್ರ, ಬಿಡಿ ಟಿಕೆಟ್‌ಗಳ ಮೊತ್ತಕ್ಕೆ ಹೋಲಿಸಿ ನೋಡಿಯೇ ಕೊಳ್ಳಿ. ಮುಚ್ಚುವ ಅರ್ಧ ಗಂಟೆ ಮೊದಲೇ ಒಳಗೆ ಬಿಡುವುದು ನಿಲ್ಲುತ್ತೆ.

ಮಂಡ್ಯದ್_ಮಾತು

ಕಾನ್ವಿ ಬಿಟ್ಟಿದ್ದು ಒಪ್ಪಿದೆ. ಆದರೆ ಪೋವಿಸ್ ಕೋಟೆ ಹೇಳದೆ ಹೋದರೆ ಮಂಡ್ಯದೋನು ಅನ್ನಿಸಿಕೊಳ್ಳಕ್ಕಾಗಲ್ಲ. ವೆಲ್ಷ್‌ಪೂಲ್ ಊರಲ್ಲಿ ಇದೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಮದ್ರಾಸ್ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್, ಈ ಕೋಟೆ ಮನೆತನದ ಹೆಣ್ಣು ಹೆನ್ರಿಯೆಟ್ಟಾಳ ಗಂಡ. ಹಾಗಾಗಿ ಟಿಪ್ಪುವಿನ ಬಟ್ಟೆ ಡೇರೆ, ಸಿಂಹಾಸನದ ಚಿನ್ನದ ಹುಲಿತಲೆ ಎಲ್ಲ ಇಲ್ಲಿಗೆ ಬಂದು ಸೇರಿದವು. ಡೋಲ್ಗೆಲೈನಿಂದ ಎ 458ರಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ನಮ್ಮೂರಿಂದ ಹೋದ ಹೂವಿನ ಛಾಪಿನ ಡೇರೆ ಬಟ್ಟೆಯನ್ನ ಆ ಕೆಂಪು ಕಲ್ಲಿನ ಕೋಟೆಯೊಳಗೆ ನೋಡೋದು ಸಣ್ಣ ವಿಷಯ ಅಲ್ಲ.

ಕಲ್ಲುಗಾರೆ

ಒಪ್ಪುತ್ತೇನೆ, ಅದು ನೋಡಲೇಬೇಕಾದ ಜಾಗ. ಪರಂಪರೆಯ ಜಾಗಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು, ಟಿಕೆಟ್ ಬೇರೆ. ಆದರೆ ರೀಗ್ ಮತ್ತು ಪೋವಿಸ್ ಎರಡನ್ನೂ ಕೊನೆಯ ದಿನಕ್ಕೆ ತುರುಕಬೇಡಿ, ವಿಮಾನ ತಪ್ಪುತ್ತದೆ. ರೀಗ್ ಆ ದಿನ ಮುಚ್ಚಿದ್ದು, ಸುತ್ತನ್ನು ಉಲ್ಟಾ ಮಾಡಲೂ ಆಗದಿದ್ದರೆ ನಾಲ್ಕನೇ ದಿನ ಪೋವಿಸ್‌ಗೇ ಹೋಗಿ, ಅಲ್ಲಿಂದ ಮ್ಯಾಂಚೆಸ್ಟರ್ ನಿಲ್ದಾಣಕ್ಕೆ ಒಂದೂಮುಕ್ಕಾಲರಿಂದ ಎರಡು ಗಂಟೆ. ಕ್ಲೈವ್ ವಸ್ತುಗಳ ಕೋಣೆ ಆ ದಿನ ತೆರೆದಿದೆಯಾ, ಡೇರೆ ಪ್ರದರ್ಶನಕ್ಕಿದೆಯಾ ಎಂದು ಹೊರಡುವ ಮೊದಲು ಕೇಳಿಕೊಳ್ಳಿ.

ದಾರಿಬುತ್ತಿ

ಎಲ್ಲರಿಗೂ ಧನ್ಯವಾದ. ಪ್ರಯಾಣ ಒಂದು ವಾರ ಮೊದಲೇ ಇಟ್ಟುಕೊಳ್ಳುತ್ತೇವೆ, ಸಣ್ಣ ಕಾರು, ಡೋಲ್ಗೆಲೈನಲ್ಲಿ ಎರಡು ರಾತ್ರಿ. ರೀಗ್ ತೆರೆಯುವ ದಿನ ನೋಡಿಕೊಂಡು ಆಮೇಲೆ ಕೋಣೆ ಬುಕ್ ಮಾಡುತ್ತೇವೆ.

ಸ್ಟಿಯರಿಂಗ್_ಶೆಟ್ಟಿ

ಆಟೊಮ್ಯಾಟಿಕ್ ಬೇಕಿದ್ದರೆ ಕಾರನ್ನು ಇವತ್ತೇ ಬುಕ್ ಮಾಡಿ. ಸಣ್ಣ ಗಾತ್ರದಲ್ಲಿ ಆಟೊಮ್ಯಾಟಿಕ್ ಮೊದಲು ಖಾಲಿಯಾಗುತ್ತೆ. ಕಾರು ತಗೊಂಡಾಗ ನಾಲ್ಕೂ ಗಾಲಿಯ ರಿಮ್, ಟೈರಿನ ಪಕ್ಕೆ ವಿಡಿಯೊ ಮಾಡಿಟ್ಟುಕೊಳ್ಳಿ, ವಾಪಸು ಕೊಡುವಾಗ ಅಲ್ಲೇ ಮೊದಲು ಕೈ ಹಾಕೋದು.